ಕಪ್ಪೆಯ ಮೂಗಿನ ಮೇಲೆ ಕೂತ ನೊರಜಿಗೆ ಹೆಸರಿಡಲು ಹೊರಟು

ಕಳೆದ ವಾರ ಅವಲಕ್ಕಿ ಕಲಸುತ್ತಾ ಇದ್ದಾಗ ಮೇಲ್ ಬಂತು. ಹೊಸ ಜಾತಿಯ ನೊರಜೊಂದರ ಬಗ್ಗೆ ವಿಜ್ಞಾನ ಪತ್ರಿಕೆಗೆ ಕಳಿಸಿದ್ದ ಲೇಖನ ಒಪ್ಪಿಗೆಯಾಗಿದೆ, ಇನ್ನು ಪ್ರೂಫ್ ನೋಡಿಕೊಟ್ಟರೆ ಸಾಕು. ರೆಕ್ಕೆ ಒಂದೂವರೆ ಮಿಲಿಮೀಟರ್ ಕೂಡ ಇಲ್ಲದ ನೊರಜಿಗೆ ಹೆಸರಿಡಲು ನನಗೆ ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹೆಸರೇನು ಅಂತ ಮಾತ್ರ ಈಗ ಹೇಳಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ. ಈ ದಾರಿ ಹಿಡಿಯುವ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ನಾನು ಎಡವಿದಲ್ಲಿ ಅವರು ಎಡವದಿರಲಿ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು 2022ರ ಜೂನ್‌ನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ಅಡಿಕೆ ತೋಟದಲ್ಲಿ. ಮಳೆ ಹೊಳವಾಗಿತ್ತು, ಕರೆಂಟ್ ಹೋಗಿತ್ತು. ಬಾವಿಕಟ್ಟೆ ಪಕ್ಕದ ಕೆಸುವಿನ ಎಲೆ ಮೇಲೆ ಮರಗಪ್ಪೆಯೊಂದು ಕೂಗುತ್ತಿತ್ತು. ಅದರ ಕೂಗು ರೆಕಾರ್ಡ್ ಮಾಡೋಣ ಅಂತ ಹೋಗಿದ್ದೆ. ಕಪ್ಪೆ ಎರಡು ಸಲ ಕೂಗುವುದು, ಆಮೇಲೆ ಮುಂಗಾಲಿನಿಂದ ಮುಖ ಒರೆಸಿಕೊಳ್ಳುವುದು. ಇದೇನಪ್ಪಾ ಅಂತ ಹೆಡ್‌ಲ್ಯಾಂಪ್ ಹತ್ತಿರ ಹಿಡಿದೆ. ಧೂಳಿನ ಕಣದಂಥದ್ದೊಂದು ಅದರ ಬೆನ್ನ ಮೇಲೆ ಇಳಿಯಿತು. ಅಲ್ಲಿಂದ ನಡೆದುಕೊಂಡೇ ತಲೆಯ ಕಡೆ ಹೋಗಿ ಮೂಗಿನ ಹೊಳ್ಳೆಯ ಪಕ್ಕ ಕೂತಿತು. ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆ ಕೆಂಪು ಮಣಿಯಂತೆ ಉಬ್ಬಿತು. ಆಗ ಮೂರು ಇದ್ದವು. ಹತ್ತು ನಿಮಿಷದಲ್ಲಿ ಏಳಾದವು.

ಮನೆಗೆ ಬಂದು ಹೇಳಿದರೆ ಅಪ್ಪ, "ಕಪ್ಪೆಗೂ ನೊರಜು ಕಚ್ಚುತ್ತೇನೋ ಮಾರಾಯ?" ಅಂದರು.

ಕಚ್ಚುತ್ತದೆ. ಈ ನೊರಜುಗಳ ಕುಲದ ಹೆಸರು ಕೊರೆತ್ರೆಲ್ಲಾ. ಸೊಳ್ಳೆಯ ದೂರದ ನೆಂಟರು. ಹೆಣ್ಣುಗಳು ಕಪ್ಪೆಯನ್ನು ಹುಡುಕಿಕೊಂಡು ಹೋಗುವುದು ಕೂಗು ಕೇಳಿ. ಗಂಡು ಕಪ್ಪೆ ಹೆಣ್ಣನ್ನು ಕರೆಯಲು ಕೂಗುತ್ತದೆ, ಬರುವುದು ಇವು! ಅಮೆರಿಕದ ಮೆಕೀವರ್ ಎಂಬುವರು 1977ರಲ್ಲಿ ಇವು ಮರಗಪ್ಪೆಯ ರಕ್ತ ಹೀರುವುದನ್ನು ಬರೆದರು. ಪನಾಮಾದಲ್ಲಿ ಟುಂಗರಾ ಕಪ್ಪೆಯ ಮೇಲೆ ಶಿಮೆನಾ ಬರ್ನಾಲ್ ಮತ್ತು ಜೊತೆಯವರು ಮಾಡಿದ ಕೆಲಸ ಈ ವಿಷಯದಲ್ಲಿ ಎಲ್ಲರೂ ಮೊದಲು ಓದುವಂಥದ್ದು. ಕಪ್ಪೆ ತನ್ನ ಕೂಗಿನ ಬಾಲಕ್ಕೆ 'ಚಕ್' ಅಂತ ಇನ್ನೊಂದು ಸದ್ದು ಸೇರಿಸಿದರೆ ಹೆಣ್ಣು ಕಪ್ಪೆಗೂ ಇಷ್ಟ, ನೊರಜಿಗೂ ಇಷ್ಟ. ಲೆಬನಾನಿನ ಅಂಬರ್‌ನಲ್ಲಿ ಸಿಕ್ಕಿಬಿದ್ದ ಸುಮಾರು 12 ಕೋಟಿ ವರ್ಷ ಹಳೆಯ ಕೊರೆತ್ರೆಲ್ಲಾ ಕೂಡ ಇದೆ. ನಮ್ಮ ಬಾವಿಕಟ್ಟೆಯ ಜಗಳ ನಿನ್ನೆ ಮೊನ್ನೆಯದಲ್ಲ.

ಆ ರಾತ್ರಿಯೇ ನಾಲ್ಕನ್ನು ಆಲ್ಕೋಹಾಲ್‌ಗೆ ಹಾಕಿದೆ. ಮೊದಲ ತಪ್ಪು ಅಲ್ಲೇ ಆಯಿತು. ನನ್ನ ಹತ್ತಿರ ಇದ್ದದ್ದು ನೀರು ಬೆರೆಸಿದ 70 ಪರ್ಸೆಂಟ್‌ದು. ದೇಹರಚನೆ ನೋಡಲು ಅದು ಸಾಕು, ಡಿಎನ್‌ಎಗೆ ಸಾಲದು. 95ಕ್ಕಿಂತ ಮೇಲಿನದು ಬೇಕು, ಫ್ರಿಜ್ಜಿನಲ್ಲಿ ಇಡಬೇಕು. ಅಂಥ ಆಲ್ಕೋಹಾಲ್ ಅಂಗಡಿಯಲ್ಲಿ ಹೋಗಿ ಕೇಳಿದರೆ ಕೊಡಲ್ಲ, ಅಬಕಾರಿ ಪರವಾನಗಿ ಇರುವ ಸಂಸ್ಥೆಯ ಮೂಲಕವೇ ತರಿಸಬೇಕು. ಮಳೆಗಾಲಕ್ಕೆ ಎರಡು ತಿಂಗಳು ಮೊದಲೇ ನಿಮ್ಮ ಕಾಲೇಜಿನ ಲ್ಯಾಬ್‌ನವರ ಸ್ನೇಹ ಮಾಡಿಕೊಳ್ಳಿ.

ಮುಂದೆ ಬಲೆ. ಸೊಳ್ಳೆ ಹಿಡಿಯಲು ಸಿಡಿಸಿ ಟ್ರ್ಯಾಪ್ ಅಂತ ಸಿಗುತ್ತದೆ. ಒಂದು ಸಣ್ಣ ಬಲ್ಬು, ಒಂದು ಫ್ಯಾನು, ಕೆಳಗೊಂದು ಬಲೆಚೀಲ, 6 ವೋಲ್ಟ್ ಬ್ಯಾಟರಿ. ಇದಕ್ಕೆ ಸ್ಪೀಕರ್ ಕಟ್ಟಿ ಕಪ್ಪೆಯ ಕೂಗು ಹಾಕಿದರೆ ಮುಗಿಯಿತು. ಜಪಾನಿನ ಇರಿಯೊಮೊತೆ ದ್ವೀಪದಲ್ಲೂ ಹೀಗೇ ಮಾಡಿ ಹಿಡಿದಿದ್ದಾರೆ. ಮೊದಲ ರಾತ್ರಿ ಬಲ್ಬು ತೆಗೆಯಲು ಮರೆತೆ. ಬೆಳಗ್ಗೆ ನೋಡಿದರೆ ಚೀಲದ ತುಂಬ ಪತಂಗ, ಮಳೆಹುಳ. ಎರಡನೇ ರಾತ್ರಿ ಬ್ಲೂಟೂತ್ ಸ್ಪೀಕರ್ ಹತ್ತು ನಿಮಿಷಕ್ಕೆ ತಾನೇ ಆಫ್ ಆಗಿತ್ತು, ನಾನು ಕಟ್ಟೆಯ ಮೇಲೆ ಉಂಬಳ ಕೀಳುತ್ತಾ ಸುಮ್ನೆ ಕೂತಿದ್ದೆ. ಮೂರನೇ ರಾತ್ರಿ ವೈರ್ ಇರುವ ಸ್ಪೀಕರ್ ತಂದೆ, ಬಲ್ಬು ಕಿತ್ತೆ, ಮೇಲೆ ಮಳೆಗೆ ಅಡಿಕೆ ಹಾಳೆ ಮುಚ್ಚಿದೆ. ಸದ್ದನ್ನು ನಿಜವಾದ ಕಪ್ಪೆಯಷ್ಟೇ ಇಟ್ಟೆ. ಏಳರಿಂದ ಒಂಬತ್ತರೊಳಗೆ 43 ನೊರಜು. ಬ್ಯಾಟರಿ, ಸ್ಪೀಕರ್ ಎಲ್ಲಾ ಸೇರಿ 6,400 ರೂಪಾಯಿ ಆಗಿತ್ತು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಈಗ ಪರ್ಮಿಷನ್ ಮಾತು. ನಮ್ಮ ತೋಟದಲ್ಲಿ ಹಿಡಿದದ್ದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕಾಗಲಿಲ್ಲ. ಆದರೆ ಒಂದೇ ತೋಟದ ಕೀಟ ಇಟ್ಟುಕೊಂಡು ಹೊಸ ಜಾತಿ ಅಂದರೆ ಓದುವವರು ಒಪ್ಪಬೇಕಲ್ಲ? ಪಕ್ಕದ ಕಾಡಿನಲ್ಲೂ ಬಲೆ ಇಡಬೇಕಿತ್ತು. ಅರ್ಜಿಯಲ್ಲಿ ನಾನು 'ಕೀಟ ಸಂಗ್ರಹ' ಅಂತ ಒಂದೇ ಸಾಲು ಬರೆದಿದ್ದೆ. ಯಾವ ಕೀಟ, ಎಷ್ಟು, ಯಾವ ಜಾಗ, ಯಾವ ತಿಂಗಳು, ಕೊನೆಗೆ ಅವು ಎಲ್ಲಿ ಸೇರುತ್ತವೆ ಅಂತ ಬರೆಯದ ಅರ್ಜಿ ವಾಪಸ್ ಬರದೆ ಇನ್ನೇನಾಗುತ್ತದೆ? ಎರಡನೇ ಅರ್ಜಿ ಒಪ್ಪಿಗೆಯಾಗಿ ಬರುವಷ್ಟರಲ್ಲಿ ಆ ವರ್ಷದ ಮಳೆಗಾಲ ಮುಗಿದಿತ್ತು, ಕಪ್ಪೆಗಳು ಸುಮ್ಮನಾಗಿದ್ದವು. ಈ ಕೆಲಸದಲ್ಲಿ ಒಂದು ಕಾಗದ ತಪ್ಪಿದರೆ ಒಂದು ವರ್ಷ ಹೋದಂತೆ. ಅರ್ಜಿಯನ್ನು ಜನವರಿಯಲ್ಲೇ ಹಾಕಿ.

ಹಾಗೆ ಸಿಕ್ಕ ಚಳಿಗಾಲವನ್ನು ಸ್ಲೈಡ್ ಮಾಡಲು ಬಳಸಿದೆ. ವಿಧಾನ ಹೇಳುವುದಾದರೆ ಸುಲಭ. 10 ಪರ್ಸೆಂಟ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಹಾಕಿದರೆ ಒಳಗಿನ ಮಾಂಸ ಕರಗಿ ಹೊರಕವಚ ಗಾಜಿನಂತೆ ಉಳಿಯುತ್ತದೆ. ಆಮೇಲೆ ಅಸಿಟಿಕ್ ಆಸಿಡ್, ಮೆಟ್ಟಿಲು ಮೆಟ್ಟಿಲಾಗಿ ಆಲ್ಕೋಹಾಲ್, ಲವಂಗದ ಎಣ್ಣೆ, ಕೊನೆಗೆ ಕೆನಡಾ ಬಾಲ್ಸಮ್ ಎಂಬ ಅಂಟು. ತಲೆ, ರೆಕ್ಕೆ, ಎದೆ, ಹೊಟ್ಟೆ ಬಿಡಿಸಿ ಬೇರೆ ಬೇರೆ ಕವರ್ ಸ್ಲಿಪ್ ಕೆಳಗೆ ಕೂರಿಸಬೇಕು. ಬೆಂಕಿಕಡ್ಡಿಯ ತುದಿಗೆ ಸಣ್ಣ ಸೂಜಿ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಈ ಕೆಲಸ. ಒಂದು ಸೀನು ಬಂದರೆ ಒಂದು ರೆಕ್ಕೆ ಹೋಯಿತು ಅಂತಲೇ ಲೆಕ್ಕ. ಮೊದಲ ಹನ್ನೆರಡರಲ್ಲಿ ಏಳು ಹಾಳಾದವು. ಗಾಳಿಗುಳ್ಳೆ ಬಂತು, ರೆಕ್ಕೆ ಮಡಚಿತು, ಒಂದರ ತಲೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ರಾಸಾಯನಿಕಕ್ಕೆ ಹಾಕುವ ಮೊದಲೇ ಫೋಟೋ ತೆಗೆದುಕೊಳ್ಳಿ. ರೆಕ್ಕೆಯ ಕಪ್ಪು ಪಟ್ಟೆ, ಎದೆಯ ಬಣ್ಣ ಇವೂ ಜಾತಿ ಗುರುತಿಸುವ ದಾರಿ. ತೊಳೆದಾದ ಮೇಲೆ ಬಣ್ಣ ಮಾಸಿದರೆ ವಾಪಸ್ ತರಲಾಗದು. ಬಾಲ್ಸಮ್ ಒಣಗಲು ವಾರಗಟ್ಟಲೆ ಬೇಕು, ನಮ್ಮ ಕಡೆಯ ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ನಾನು ಸ್ಲೈಡುಗಳನ್ನು ಬೆಂಗಳೂರಿಗೆ ಹೊತ್ತುಕೊಂಡು ಹೋಗಿ ಲ್ಯಾಬಿನ ಬೆಚ್ಚನೆ ತಟ್ಟೆಯ ಮೇಲೆ ಇಟ್ಟೆ.

ಅಷ್ಟೂ ಮಾಡಿ, ಒಳ್ಳೆಯ ಫೋಟೋ ಆರಿಸಿ, ಈ ಗುಂಪು ತಿಳಿದ ವಿದೇಶದ ತಜ್ಞರೊಬ್ಬರಿಗೆ ಮೇಲ್ ಹಾಕಿದೆ. ಮರುದಿನವೇ ಉತ್ತರ ಬಂತು. ಎರಡೇ ಪ್ರಶ್ನೆ. ಮೀಸೆಯ ಯಾವ ಗಣ್ಣಿನ ಮೇಲೆ ಎಷ್ಟು ಕುಳಿಗಳಿವೆ? ಗಂಡು ಎಲ್ಲಿ?

ಕೊರೆತ್ರೆಲ್ಲಾದ ಮೀಸೆಯ ಉದ್ದಕ್ಕೆ 13 ಸಣ್ಣ ಗಣ್ಣು ಇರುತ್ತವೆ. ಕೆಲವು ಗಣ್ಣುಗಳ ಮೇಲೆ ಕೂದಲಿನ ಬುಡದಂಥ ಪುಟ್ಟ ಕುಳಿ, ಕುಳಿಯೊಳಗೆ ಮೊಳೆಯಂಥದ್ದೊಂದು. ಅವು ಯಾವ ಗಣ್ಣಿನಲ್ಲಿ ಎಷ್ಟು ಅನ್ನುವುದು ಜಾತಿಯಿಂದ ಜಾತಿಗೆ ಬೇರೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಹೋಲೋಟೈಪ್ ಮಾಡೋಣ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ, ಎಲ್ಲದಕ್ಕಿಂತ ಚಂದದ ಸ್ಲೈಡ್ ತೆಗೆದು 400 ಪಟ್ಟು ಹಿಗ್ಗಿಸಿ ಎಣಿಸಿದೆ. ಒಂದು ಮೀಸೆಯಲ್ಲಿ 11 ಗಣ್ಣು. ಇನ್ನೊಂದರಲ್ಲಿ 9. ತುದಿ ಮುರಿದು ಬಿದ್ದಿತ್ತು. ಹೊಸ ಜಾತಿಯ ಹೆಸರು ಕಾಯಂ ಆಗಿ ಅಂಟಿಕೊಳ್ಳುವುದು ಹೋಲೋಟೈಪ್ ಎಂಬ ಆ ಒಂದೇ ಒಂದು ಕೀಟಕ್ಕೆ. ಮೀಸೆ ಮುರಿದದ್ದನ್ನು ಅಲ್ಲಿ ಕೂರಿಸುವುದು ಹೇಗೆ?

ಗಂಡಿನ ಕಥೆ ಇನ್ನೂ ದೊಡ್ಡದು. ಬಲೆಗೆ ಬಿದ್ದ ಅಷ್ಟೂ ಹೆಣ್ಣೇ. ಬಿದ್ದೇ ಬೀಳುತ್ತವೆ, ಅಲ್ವಾ? ರಕ್ತ ಬೇಕಾದದ್ದು ಹೆಣ್ಣಿಗೆ. ಗಂಡಿಗೆ ಕಪ್ಪೆಯ ಕೂಗಿನಿಂದ ಏನಾಗಬೇಕಿದೆ? ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹೆಣ್ಣನ್ನು ಮಾತ್ರ ಇಟ್ಟುಕೊಂಡು ವಿವರಿಸಿದ ಜಾತಿಗಳು ಈ ಕುಲದಲ್ಲಿ ಸಾಕಷ್ಟಿವೆ, ಅದು ತಪ್ಪೂ ಅಲ್ಲ. ಆದರೆ ನಮ್ಮ ಗೈಡ್ ಮೇಡಂ ಪಟ್ಟು ಬಿಡಲಿಲ್ಲ. "ಒಂದು ಮಳೆಗಾಲ ಕಾಯಿ. ಮರಿಯಿಂದ ಬೆಳೆಸು" ಅಂದರು.

ಮರಿಗಳು ಇರುವುದು ನಿಂತ ನೀರಿನಲ್ಲಿ. ಮರದ ಪೊಟರೆ, ಕಡಿದ ಬಿದಿರಿನ ಬುಡ, ಎಲೆಗಳ ಸಂದಿ. 2023ರ ಜುಲೈ ಪೂರ್ತಿ ನಾನು ಹಲಸಿನ ಮರದ ಪೊಟರೆಗಳಿಗೆ ಪಿಪೆಟ್ ಹಾಕಿ ನೀರು ಎಳೆಯುತ್ತಾ ತಿರುಗಿದೆ. ಊರಿನವರು ಮೊದಲು ನಕ್ಕರು, ಆಮೇಲೆ ತಮ್ಮ ತೋಟದ ಪೊಟರೆ ತೋರಿಸಿದರು. ಎಲ್ಲದರಲ್ಲೂ ಸೊಳ್ಳೆಮರಿ. ಒಂಬತ್ತನೇ ದಿನ ಬಿದಿರಿನ ಬುಡದ ಕಪ್ಪು ನೀರಿನಲ್ಲಿ ತಳ ಹಿಡಿದು ಮಲಗಿದ್ದ ಬೇರೆ ಥರದ ಮರಿ ಕಂಡಿತು. ಬಿಳಿ ತಟ್ಟೆಗೆ ಬಗ್ಗಿಸಿದರೆ ಅಲ್ಲಾಡಲೂ ಇಲ್ಲ. ಆಗಷ್ಟೇ ಮೊಟ್ಟೆಯೊಡೆದ ಸೊಳ್ಳೆಮರಿಯೊಂದು ಅದರ ಮೂತಿಯ ಮುಂದೆ ಹಾದುಹೋಯಿತು. ಚಟಕ್ಕನೆ ಮೀಸೆಗಳೆರಡೂ ಚಾಚಿದವು, ಸೊಳ್ಳೆಮರಿ ಬಾಯಲ್ಲಿತ್ತು. ಮೀಸೆಯನ್ನೇ ಕೈ ಮಾಡಿಕೊಂಡು ಬೇಟೆಯಾಡುವ ಹುಳು! ಪುಸ್ತಕದಲ್ಲಿ ಓದಿದ್ದೆ, ಆದರೂ ತಟ್ಟೆ ಕೈಯಿಂದ ಜಾರುವುದರಲ್ಲಿತ್ತು.

ಹದಿನೆಂಟು ಮರಿ ಸಿಕ್ಕವು. ಒಂದೊಂದನ್ನು ಒಂದೊಂದು ತೆಂಗಿನ ಚಿಪ್ಪಿನಲ್ಲಿ ಬಿಟ್ಟು, ಮೇಲೆ ಬಟ್ಟೆ ಕಟ್ಟಿ, ಹಿತ್ತಿಲ ಜಗಲಿಯಲ್ಲಿ ಸಾಲಾಗಿ ಇಟ್ಟೆ. ನಾಲ್ಕು ದಿನ ಬೆಂಗಳೂರಿಗೆ ಹೋಗಬೇಕಾಯಿತು. ಅದೇ ವಾರ ಊರಿನಲ್ಲಿ ಡೆಂಗಿ ಗಲಾಟೆ. ಮನೆ ಸುತ್ತ ನೀರು ನಿಲ್ಲಿಸಬೇಡಿ ಅಂತ ಮೈಕಿನಲ್ಲಿ ಕೂಗಿಕೊಂಡು ಹೋಗಿದ್ದಾರೆ. ಅಮ್ಮ ಹನ್ನೊಂದು ಚಿಪ್ಪು ಬಗ್ಗಿಸಿ, ತೊಳೆದು, ಕವುಚಿ ಇಟ್ಟಿದ್ದರು. ಉಳಿದ ಏಳು ಕಟ್ಟಿಗೆ ರಾಶಿಯ ಹಿಂದೆ ಇದ್ದದ್ದರಿಂದ ಕಣ್ಣಿಗೆ ಬೀಳಲಿಲ್ಲ. ಅಮ್ಮನ ಮೇಲೆ ಕೂಗಾಡಲು ನನಗೆ ಏನು ಅಧಿಕಾರ? ಅವರು ಮಾಡಿದ್ದು ಸರಿಯೇ. ಆದರೂ ಆ ಸಂಜೆ ನಾನು ಊಟ ಮಾಡಲಿಲ್ಲ, ಅವರೂ ಮಾಡಲಿಲ್ಲ. ಚಿಪ್ಪಿಗೆ ಚೀಟಿ ಅಂಟಿಸಿ, ಮನೆಯವರಿಗೆ ಹೇಳಿಹೋಗಿ. ಇದು ಯಾವ ಕೈಪಿಡಿಯಲ್ಲೂ ಇಲ್ಲ.

ಏಳರಲ್ಲಿ ನಾಲ್ಕು ರೆಕ್ಕೆ ಬಿಚ್ಚಿದವು. ಎರಡು ಹೆಣ್ಣು, ಎರಡು ಗಂಡು. ಗಂಡಿನ ಮೀಸೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಕೂದಲು ಕೂದಲು, ನೋಡಿದ ಕೂಡಲೇ ಗೊತ್ತಾಗುತ್ತದೆ. ಅವು ಬಿಟ್ಟ ಪೊರೆಯನ್ನೂ ಜೋಪಾನ ಮಾಡಿ, ಆಯಾ ಕೀಟದ ಜೊತೆಗೇ ಒಂದೇ ನಂಬರಿನಲ್ಲಿ ಇಡಿ. ಮರಿ, ಕೋಶ, ವಯಸ್ಕ ಮೂರೂ ಒಂದೇ ಜೀವ ಅನ್ನುವುದಕ್ಕೆ ಅದೇ ಸಾಕ್ಷಿ. ಅದೇ ಮಳೆಗಾಲದಲ್ಲಿ ಕಾಡಿನ ಬಲೆಯಿಂದ ಎರಡೂ ಮೀಸೆ ಪೂರ್ತಿ ಇರುವ ಹೆಣ್ಣೂ ಸಿಕ್ಕಿತು.

ಇಷ್ಟಾದ ಮೇಲೆ ನಿಜವಾದ ಕೆಲಸ. ಇದು ಹೊಸದು ಅಂತ ಹೇಳುವುದಲ್ಲ, ಇದು ಹಳೆಯದು ಯಾವುದೂ ಅಲ್ಲ ಅಂತ ತೋರಿಸುವುದು. ನನ್ನ ಮೂರು ವರ್ಷದಲ್ಲಿ ಅರ್ಧಕ್ಕರ್ಧ ಹೋದದ್ದು ಇದಕ್ಕೇ. ಆಧಾರ ಗ್ರಂಥ ಒಂದಿದೆ. ಆರ್ಟ್ ಬೋರ್ಕೆಂಟ್ 2008ರಲ್ಲಿ ಝೂಟಾಕ್ಸಾ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ, ಇಡೀ ಪ್ರಪಂಚದ ಕಪ್ಪೆ ನೊರಜುಗಳ ಬಗ್ಗೆ 456 ಪುಟದ ಕೆಲಸ. ಆಗ ಬದುಕಿರುವ ಜಾತಿ 97 ಅಂತ ಲೆಕ್ಕ. ಅದರ ಗುರುತಿನ ಕೀಲಿಯಲ್ಲಿ, ಅಂದರೆ ಒಂದೊಂದೇ ಲಕ್ಷಣ ನೋಡುತ್ತಾ ಜಾತಿಗೆ ತಲುಪುವ ಪಟ್ಟಿಯಲ್ಲಿ, ನನ್ನ ಕೀಟ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಮೇಲೆ ಬಂದ ಜಾತಿಗಳನ್ನು ಒಂದೊಂದೇ ಲೇಖನ ಹುಡುಕಿ ಹೋಲಿಸಬೇಕು. ನಮ್ಮ ನೆರೆಯ ಸಿಲೋನಿನಿಂದ 1911ರಲ್ಲೇ ನೆಲ್ಸನ್ ಆನಂಡೇಲ್ ಒಂದನ್ನು ರಾಮ್ಸಿಯಾ ಇನೆಪ್ಟಾ ಅಂತ ಹೆಸರಿಸಿದ್ದರು, ಈಗ ಅದೂ ಕೊರೆತ್ರೆಲ್ಲಾದಲ್ಲೇ ಇದೆ. ಭೂಗೋಳದಲ್ಲಿ ಹತ್ತಿರದ್ದು ಅಂದರೆ ಮೊದಲು ಅನುಮಾನ ಬರುವುದೇ ಅದರ ಮೇಲೆ. ಹೋಲಿಕೆಗೆ ಬೇಕಾದ ಒಂದು ಹಳೆಯ ಸ್ಲೈಡಿನ ಫೋಟೋಕ್ಕಾಗಿ ಒಂದು ಮ್ಯೂಸಿಯಂಗೆ ಬರೆದು ಐದು ತಿಂಗಳು ಕಾದೆ. ಕೀಟವನ್ನೇ ಹೊರದೇಶಕ್ಕೆ ಕಳಿಸಿ ನೋಡಿಸೋಣ ಅನ್ನುವ ಆಲೋಚನೆ ಇದ್ದರೆ ನಿಲ್ಲಿ. ಜೀವವೈವಿಧ್ಯ ಕಾಯ್ದೆ 2002ರದ್ದು, ಅದಕ್ಕೆ 2023ರಲ್ಲಿ ತಿದ್ದುಪಡಿಯಾಗಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸೀನಿಯರ್‌ಗಳು ಹೇಳಿದ ಹಳೆಯ ಕ್ರಮ ನಂಬದೆ, ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಈಗಿನ ನಿಯಮ ಓದಿಕೊಂಡೇ ಹೆಜ್ಜೆ ಇಡಿ. ನಾನು ಫೋಟೋ ಮಾತ್ರ ಕಳಿಸಿದೆ.

ಡಿಎನ್‌ಎ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜಾತಿ ಹೋಲಿಸಲು ಸಿಒಐ ಎಂಬ ಜೀನಿನ 658 ಅಕ್ಷರ ಓದಿಸುವುದು ರೂಢಿ. 70 ಪರ್ಸೆಂಟಿನಲ್ಲಿದ್ದ ಮೊದಲ ಬ್ಯಾಚು ಏನೂ ಕೊಡಲಿಲ್ಲ. ಎರಡನೆಯದರಲ್ಲಿ ಒಂದು ಚಂದದ ಸೀಕ್ವೆನ್ಸ್ ಬಂತು, ಹುಡುಕಿ ನೋಡಿದರೆ ಅದು ನೊರಜಿನದ್ದಲ್ಲ, ಕೀಟಗಳೊಳಗೆ ವಾಸಿಸುವ ವೋಲ್ಬಾಕಿಯಾ ಬ್ಯಾಕ್ಟೀರಿಯಾದ್ದು! ಉಳಿದ ಐದು ಸರಿಯಾಗಿ ಬಂದವು. ಗಂಡೂ ಹೆಣ್ಣೂ ಒಂದೇ ಜಾತಿ ಅಂತ ಅದರಿಂದಲೂ ಖಾತ್ರಿಯಾಯಿತು. ಎರಡೂ ಬ್ಯಾಚಿಗೆ 21,000 ರೂಪಾಯಿ, ಅರ್ಧ ನನ್ನ ಫೆಲೋಶಿಪ್ಪಿನಿಂದ. ಕೀಟವನ್ನು ಅರೆಯದೆ, ರಾತ್ರಿ ದ್ರಾವಣದಲ್ಲಿ ನೆನೆಸಿ ಡಿಎನ್‌ಎ ತೆಗೆದು, ಬೆಳಗ್ಗೆ ಅದೇ ಕೀಟವನ್ನು ಸ್ಲೈಡ್ ಮಾಡಬಹುದು. ಲ್ಯಾಬಿನವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಿ.

ಹೆಸರಿಡುವುದು ಖುಷಿಯ ಕೆಲಸ ಅಂತ ಅಂದುಕೊಂಡಿದ್ದೆ. ಅಲ್ಲೂ ವ್ಯಾಕರಣ. ಕೊರೆತ್ರೆಲ್ಲಾ ಸ್ತ್ರೀಲಿಂಗ. ಜಾತಿಯ ಹೆಸರು ಗುಣವಾಚಕವಾದರೆ ಅದೂ ಸ್ತ್ರೀಲಿಂಗಕ್ಕೆ ಹೊಂದಬೇಕು. ನಾಮಪದವಾದರೆ ಇದ್ದ ಹಾಗೇ ಇಡಬಹುದು. ನಮ್ಮ ಕನ್ನಡ ಪದಗಳಿಗೆ ಇದು ಅನುಕೂಲ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಮೊಟ್ಟೆಗೆ ಮಣ್ಣು ಮೆತ್ತುವ ಕಪ್ಪೆಗೆ 2014ರಲ್ಲಿ ಗುರುರಾಜ ಮತ್ತು ಜೊತೆಯವರು ನಿಕ್ಟಿಬ್ಯಾಟ್ರಾಕಸ್ ಕುಂಬಾರ ಅಂತ ಹೆಸರಿಟ್ಟರಲ್ಲ, ಹಾಗೆ. ಮಂಗಳೂರಿನ ಪುಟ್ಟ ಕಪ್ಪೆಯೊಂದು 2018ರಿಂದ ಮೈಕ್ರೋಹೈಲಾ ಕೊಡಿಯಾಲ್. ನಿಮ್ಮದೇ ಹೆಸರು ಇಟ್ಟುಕೊಳ್ಳಬಾರದು ಅಂತ ನಿಯಮವಿಲ್ಲ, ಆದರೆ ಇಟ್ಟುಕೊಂಡರೆ ನಾಚಿಕೆಗೇಡು. ನಾನು ಮನೆಮಾತಿನ ಒಂದು ಪದ ಆರಿಸಿದ್ದೇನೆ. ವಿವರಣೆಯಾಗಲಿ ಹೋಲೋಟೈಪ್ ಆಗಲಿ ಇಲ್ಲದೆ ಹೆಸರು ಮೊದಲೇ ಎಲ್ಲೆಲ್ಲೋ ಅಚ್ಚಾದರೆ ಅದು ಬರೀ ಬೋಳು ಹೆಸರು, ಗೊಂದಲ ಮಾತ್ರ ಉಳಿಯುತ್ತದೆ. ಅದಕ್ಕೇ ಇಲ್ಲಿ ಹೇಳಲಿಲ್ಲ. ಪ್ರಾಣಿಗಳ ಹೊಸ ಹೆಸರು ದಾಖಲಿಸುವ ಝೂಬ್ಯಾಂಕ್‌ನಲ್ಲಿ ನೋಂದಣಿ ಮರೆಯಬೇಡಿ. ಆನ್‌ಲೈನ್ ಪ್ರಕಟಣೆಗೆ 2012ರಿಂದ ಅದು ಕಡ್ಡಾಯ. ದುಡ್ಡಿಲ್ಲ, ಕಾಲು ಗಂಟೆಯ ಕೆಲಸ. ಝೂಟಾಕ್ಸಾದಂಥ ಕಡೆ ಓಪನ್ ಆಕ್ಸೆಸ್ (ಎಲ್ಲರೂ ಪುಕ್ಕಟೆ ಓದುವ ವ್ಯವಸ್ಥೆ) ಬೇಡ ಅಂದರೆ ಲೇಖಕರು ಹಣ ಕಟ್ಟಬೇಕಿಲ್ಲ.

ಹೊಸ ಜಾತಿ ಕಂಡವರು ಮಾದರಿಯನ್ನು ಸರ್ಕಾರ ಗುರುತಿಸಿದ ಭಂಡಾರದಲ್ಲಿ ಇಡಬೇಕು ಅಂತ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ನಾವು ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಆರಿಸಿಕೊಂಡೆವು. ಅದಕ್ಕೂ ಮೊದಲು ಒಂದು ಪ್ಯಾರಾಟೈಪ್ (ಹೋಲೋಟೈಪ್ ಜೊತೆಗೆ ಲೇಖನದಲ್ಲಿ ಪಟ್ಟಿ ಮಾಡುವ ಬೇರೆ ಮಾದರಿ) ಸ್ಲೈಡನ್ನು ಕೊರಿಯರ್‌ನಲ್ಲಿ ಬೇರೆ ಲ್ಯಾಬಿಗೆ ಕಳಿಸಿ, ಚೂರುಚೂರಾಗಿ ತಲುಪಿದ ಅನುಭವ ಆಗಿತ್ತು. ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ಹೌರಾ ರೈಲು ಹತ್ತಿ, ಸ್ಲೈಡ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಎದುರು ಸೀಟಿನ ಅಜ್ಜಿ ಅದರಲ್ಲಿ ಸಿಹಿ ತಿಂಡಿ ಇದೆ ಅಂತ ತಿಳಿದಿದ್ದರು. ಹೋಗಿಬರುವ ಖರ್ಚು 7,800. ಆನಂಡೇಲ್ 1916ರಲ್ಲಿ ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದವರು. ನಾನು ತಿಂಗಳುಗಟ್ಟಲೆ ಯಾರ ಹುಳುವಿನ ಜೊತೆ ನನ್ನ ಹುಳು ಹೋಲಿಸಿ ಒದ್ದಾಡಿದ್ದೆನೋ, ಅವರೇ ಕಟ್ಟಿದ ಮನೆಗೆ ನನ್ನದನ್ನು ಒಪ್ಪಿಸಿ ಬಂದೆ. ಕೆಂಪು ಚೀಟಿ ಅಂಟಿಸಿದರು, ರಿಜಿಸ್ಟರ್‌ನಲ್ಲಿ ನಂಬರ್ ಬರೆದರು. ಆ ನಂಬರ್ ಲೇಖನದಲ್ಲಿ ಬೇಕು, ಆದ್ದರಿಂದ ಇದನ್ನು ಕೊನೆಗೆ ಅಂತ ಇಟ್ಟುಕೊಳ್ಳಬೇಡಿ.

ಪತ್ರಿಕೆಯವರು ಲೇಖನ ಓದಲು ಕೊಟ್ಟ ವಿಮರ್ಶಕರು ಇಬ್ಬರು. ಒಬ್ಬರು ಎರಡೇ ವಾರದಲ್ಲಿ ಅರ್ಧ ಪುಟ ಬರೆದರು. ಇನ್ನೊಬ್ಬರು ನಾಲ್ಕು ತಿಂಗಳು ತೆಗೆದುಕೊಂಡು ಆರು ಪುಟ. ಓದಿದ ದಿನ ಸಿಟ್ಟು ಬಂತು, ವಾರದ ಮೇಲೆ ಮತ್ತೆ ಓದಿದರೆ ಒಂದು ಮಾತೂ ತಪ್ಪಿಲ್ಲ. ರೆಕ್ಕೆಯ ಚಿತ್ರ ಎರಡು ಮತ್ತೆ ಬಿಡಿಸಿದೆ. ಒಂದು ಅಳತೆಯನ್ನು ನಾನು ಮೊದಲಿಂದಲೂ ತಪ್ಪು ಜಾಗದಿಂದ ಶುರು ಮಾಡಿದ್ದೆ ಅಂತ ಅವರು ಹಿಡಿದಿದ್ದರು. 26 ಕೀಟಗಳನ್ನೂ ಮತ್ತೆ ಅಳೆದೆ.

ಪ್ರೂಫ್ ಮೊನ್ನೆ ಬಂತು. ನಮ್ಮೂರಿನ ಹೆಸರಿನ ಸ್ಪೆಲಿಂಗ್ ಒಂದು ಕಡೆ ತಪ್ಪಾಗಿತ್ತು, ಸರಿಮಾಡಿ ಕಳಿಸಿದೆ. ಮನೆಗೆ ಫೋನ್ ಮಾಡಿ ಹೇಳಿದೆ. ಅಮ್ಮ, "ಚಿಪ್ಪಿನ ವಿಷಯ ಅದರಲ್ಲಿ ಬರೆದಿಲ್ಲ ತಾನೇ?" ಅಂತ ಕೇಳಿದರು. ಆಮೇಲೆ ಅಪ್ಪ ಫೋನ್ ತೆಗೆದುಕೊಂಡರು.

"ಅದು ಮನುಷ್ಯರಿಗೆ ಕಚ್ಚೋದಿಲ್ಲ ಅಲ್ವಾ?"

"ಇಲ್ಲ ಅಪ್ಪ, ಕಪ್ಪೆಗೆ ಮಾತ್ರ."

"ಹಾಗಾದ್ರೆ ಪೇಪರಿನವರು ಹಾಕಲ್ಲ ಬಿಡು."